ಮುಟ್ಟದೇ ಬಿಸಿ ಅಳೆಯೋದು ಹ್ಯಾಂಗ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಯಲ್ಲಿ ಕಮ್ಮಾರ ಕುಡ ಬಡಿಯೋದನ್ನು ನೋಡಿದ್ದೀರಾ? ಕಾದ ಕಬ್ಬಿಣವನ್ನು ಆತ ಮುಟ್ಟಿ ನೋಡೋದಿಲ್ಲ, ಬಣ್ಣ ನೋಡುತ್ತಾನೆ. ಬಿಸಿಯ ಸುದ್ದಿಯನ್ನು ಬೆಳಕೇ ಹೊತ್ತು ತರುತ್ತದೆ. ಜಿನೀವಾ ಹತ್ತಿರದ ಸರ್ನ್‌ನಲ್ಲಿ ನಡೆಯೋದೂ ಇದೇ ನೋಡ್ರಿ.

ಅಲ್ಲಿನ ಎಲ್‌ಎಚ್‌ಸಿ ಯಂತ್ರದಲ್ಲಿ ಸೀಸದ ನ್ಯೂಕ್ಲಿಯಸ್‌ಗಳು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಎದುರುಬದುರಾಗಿ ಡಿಕ್ಕಿ ಹೊಡೆಯುತ್ತವೆ. ಪ್ರೋಟಾನ್, ನ್ಯೂಟ್ರಾನ್‌ಗಳು ಕರಗಿ ಕ್ವಾರ್ಕ್-ಗ್ಲೂಆನ್ ಪ್ಲಾಸ್ಮಾ ಆಗುತ್ತದೆ. 10⁻²² ಸೆಕೆಂಡಿನೊಳಗೆ ಅದರ ಕಥೆ ಮುಗಿದಿರುತ್ತದೆ. ಥರ್ಮಾಮೀಟರ್ ಇಡೋದೆಲ್ಲಿ?

ಅದಕ್ಕೇ ಫೋಟಾನ್ ಬೇಕು. ಪ್ಲಾಸ್ಮಾವನ್ನು ಹಿಡಿದಿಟ್ಟ ಪ್ರಬಲ ಬಲ ಫೋಟಾನಿಗೆ ತಾಗೋದಿಲ್ಲ. ಉಳಿದ ಕಣಗಳು ಜಾತ್ರೆಯ ಗದ್ದಲದಲ್ಲಿ ಸಿಕ್ಕವರ ಹಾಗೆ ತಳ್ಳಾಡಿ ಹೊರಬಂದರೆ, ಫೋಟಾನ್ ಹುಟ್ಟಿದ ಕೂಡಲೇ ನೆಟ್ಟಗೆ ಹೊರಡುತ್ತದೆ.

ಅದು ಹುಟ್ಟೋದು ನಾಲ್ಕು ಹಂತದಲ್ಲಿ. ಮೊದಲನೆಯದು, ಡಿಕ್ಕಿಯ ಕ್ಷಣದಲ್ಲೇ: ಇವುಗಳ ಶಕ್ತಿ ಬಹಳ. ಎರಡನೆಯದು, ಕಾದ ಪ್ಲಾಸ್ಮಾದಲ್ಲಿ: ಕ್ವಾರ್ಕ್ ಒಂದು ಗ್ಲೂಆನ್ ನುಂಗಿ ಫೋಟಾನ್ ಉಗುಳುತ್ತದೆ, ಇಲ್ಲವೇ ಕ್ವಾರ್ಕ್ ಮತ್ತು ಪ್ರತಿಕ್ವಾರ್ಕ್ ಕೂಡಿ ಗ್ಲೂಆನ್, ಫೋಟಾನ್ ಆಗುತ್ತವೆ. ಮೂರನೆಯದು, ಪ್ಲಾಸ್ಮಾ ಆರಿ ಪಯಾನ್‌ನಂಥ ಕಣಗಳಾದ ಮೇಲೆ ಅವುಗಳ ತಿಕ್ಕಾಟದಲ್ಲಿ. ನಾಲ್ಕನೆಯದು, ಎಲ್ಲ ಮುಗಿದ ಮೇಲೆ: ತಟಸ್ಥ ಪಯಾನ್ ಒಡೆದು ಎರಡು ಫೋಟಾನ್ ಆಗುತ್ತದೆ.

ತೊಂದರೆ ಇರೋದು ಇಲ್ಲೇ. ಕಡಿಮೆ ಶಕ್ತಿಯ ಫೋಟಾನ್‌ಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಈ ಕೊನೆಯ ಗುಂಪಿನವು. ಅವುಗಳಿಗೆ ಪ್ಲಾಸ್ಮಾದ ಬಿಸಿ ನೇರವಾಗಿ ಗೊತ್ತಿಲ್ಲ. ಹಾಗಾಗಿ ಪಯಾನ್‌ಗಳನ್ನು ಅಳೆದು, ಅವುಗಳಿಂದ ಬರಬೇಕಾದ ಫೋಟಾನ್‌ಗಳ ಲೆಕ್ಕ ಹಾಕಿ ಕಳೆಯುತ್ತಾರೆ.

ಉಳಿದದ್ದನ್ನು ಸೆಮಿಲಾಗ್ ಗ್ರಾಫ್ ಮೇಲೆ ಹಾಕಿರಿ. ಶಕ್ತಿ ಹೆಚ್ಚಿದಂತೆ ಸಂಖ್ಯೆ ಘಾತೀಯವಾಗಿ ಇಳಿಯುತ್ತದೆ, ಗೆರೆ ನೆಟ್ಟಗೆ ಬರುತ್ತದೆ. ಅದರ ಇಳಿಜಾರೇ ಬಿಸಿಯ ಗುರುತು. 2016ರಲ್ಲಿ ಆಲಿಸ್ ಪ್ರಯೋಗದವರು ಪ್ರಕಟಿಸಿದ ಬೆಲೆ ಸುಮಾರು 297 ಎಂಇವಿ, ಅಂದ್ರ 3.4 ಲಕ್ಷ ಕೋಟಿ ಕೆಲ್ವಿನ್. ಸೂರ್ಯನ ನಡುಭಾಗ ಬರೀ 1.5 ಕೋಟಿ.

ಆದರೆ ಅವಸರ ಬೇಡ. ಪ್ಲಾಸ್ಮಾ ನಮ್ಮ ಕಡೆಗೇ ಹಿಗ್ಗುತ್ತಿರುತ್ತದೆ. ಎದುರು ಬರುವ ಬಸ್ಸಿನ ಹಾರ್ನ್ ಕೀರಲಾಗಿ ಕೇಳುವಂತೆ, ಡಾಪ್ಲರ್ ಪರಿಣಾಮದಿಂದ ಫೋಟಾನ್ ಇದ್ದದ್ದಕ್ಕಿಂತ ಬಿಸಿಯಾಗಿ ಕಾಣುತ್ತದೆ. ಆದ್ದರಿಂದ 297 ನೇರ ಉಷ್ಣತೆಯಲ್ಲ.

ಇನ್ನೊಂದು ಗಂಟೂ ಉಳಿದಿದೆ. ಫೋಟಾನ್‌ಗಳ ಸಂಖ್ಯೆ ನೋಡಿದರೆ ಹೆಚ್ಚಿನವು ಬಿಸಿ ಇದ್ದಾಗ, ಬೇಗ ಹುಟ್ಟಿರಬೇಕು. ಅವು ಹರಿದ ದಿಕ್ಕು ನೋಡಿದರೆ, ಹರಿವು ಬಲಿತ ಮೇಲೆ, ತಡವಾಗಿ ಹುಟ್ಟಿರಬೇಕು. ಎರಡನ್ನೂ ಒಟ್ಟಿಗೆ ಹೊಂದಿಸೋದು ಸಿದ್ಧಾಂತಕ್ಕೆ ಕಷ್ಟವಾಗಿದೆ. ಈ ಗಂಟು ಬಿಚ್ಚಲು ನಮ್ಮ ಕಡೆಯವರೂ ಕೈ ಹಾಕಬಹುದಲ್ಲ?