ಯಾರ ಕೈಯನ್ನು ಯಾರು ಹಿಡಿಯಬೇಕು?

ಹೊಸೂರು ಬಸ್ ನಿಲ್ದಾಣಕ್ಕೆ ತಮಿಳುನಾಡಿನ ಬಸ್ಸೂ ಬರುತ್ತದೆ, ಕರ್ನಾಟಕದ ಬಸ್ಸೂ ಬರುತ್ತದೆ. ನಡೆಯಲಾಗದವರಿಗೆ, ಕಣ್ಣು ಕಾಣದವರಿಗೆ ಎರಡರಲ್ಲೂ ಆಸನ ಮೀಸಲಿರುತ್ತದೆ. ಅವರನ್ನು ಕರೆಯುವ ಹೆಸರು ಮಾತ್ರ ಬೇರೆ ಬೇರೆ. ಹಿಂದೆ ನಾವು ಕುಂಟ, ಕುರುಡ, ಕಿವುಡ ಎಂದು ನೇರವಾಗಿ ಅಂದುಬಿಡುತ್ತಿದ್ದೆವು. ಆಮೇಲೆ ಅಂಗವಿಕಲರು ಎಂದೆವು, ಮತ್ತೆ ವಿಕಲಚೇತನರು ಎಂದೆವು. ತಮಿಳಿನಲ್ಲಿ ‘ಮಾಟ್ರುತ್ತಿರನಾಳಿ’ ಎನ್ನುತ್ತಾರೆ. ಬೇರೊಂದು ಬಗೆಯ ಸಾಮರ್ಥ್ಯ ಉಳ್ಳವರು ಎಂಬುದು ಅದರ ಅರ್ಥ. ಕೇಂದ್ರ ಸರ್ಕಾರ ‘ದಿವ್ಯಾಂಗ’ ಎಂಬ ಪದವನ್ನು ಬಳಕೆಗೆ ತಂದಿತು. ಹೆಸರು ಬದಲಾದದ್ದು ಒಳ್ಳೆಯದೇ. ಆದರೆ ಹೆಸರು ಬದಲಾದಷ್ಟು ಬೇಗ ನಮ್ಮ ನಡತೆ ಬದಲಾಯಿತೇ?

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 2 ಕೋಟಿ 68 ಲಕ್ಷ ಅಂಗವಿಕಲರಿದ್ದರು. ತಮಿಳುನಾಡಿನಲ್ಲಿ ಸುಮಾರು 11 ಲಕ್ಷ 80 ಸಾವಿರ, ಕರ್ನಾಟಕದಲ್ಲಿ ಸುಮಾರು 13 ಲಕ್ಷ 24 ಸಾವಿರ. ದೇಶದ ಪ್ರತಿ ನೂರು ಜನರಲ್ಲಿ ಇಬ್ಬರಿಗಿಂತ ಹೆಚ್ಚು. ಆ ಗಣತಿಯ ನಂತರ ಬಂದ 2016ರ ಕಾನೂನು ಅಂಗವೈಕಲ್ಯದ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು. ಇನ್ನೂರು ಕುಟುಂಬಗಳ ಒಂದು ಧರ್ಮಕೇಂದ್ರದಲ್ಲಿ ಎಂಟುನೂರು ಜನರಿದ್ದಾರೆ ಎಂದುಕೊಳ್ಳಿ. ಹಳೆಯ ಲೆಕ್ಕದಂತೆಯೇ ಅಲ್ಲಿ ಹದಿನೇಳು ಹದಿನೆಂಟು ಮಂದಿ ಇರಬೇಕು. ಭಾನುವಾರದ ಬಲಿಪೂಜೆಯಲ್ಲಿ ಅವರಲ್ಲಿ ಎಷ್ಟು ಮಂದಿ ಕಾಣಿಸುತ್ತಾರೆ? ಒಮ್ಮೆ ಎಣಿಸಿ ನೋಡಿ.

ಉಳಿದವರು ಎಲ್ಲಿದ್ದಾರೆ ಎಂಬುದು ಗುರುಗಳಾದ ನಮಗೆ ಅಷ್ಟಿಷ್ಟು ಗೊತ್ತು. ಮನೆ ಆಶೀರ್ವಾದಕ್ಕೆ ಹೋದಾಗ ಅಡುಗೆಮನೆಯಿಂದ ಹಿಡಿದು ದನದ ಕೊಟ್ಟಿಗೆಯವರೆಗೂ ತೀರ್ಥ ಚಿಮುಕಿಸಲು ಕರೆಯುತ್ತಾರೆ. ಕೆಲವು ಮನೆಗಳಲ್ಲಿ ಒಂದು ಕೋಣೆಯ ಬಾಗಿಲು ಮಾತ್ರ ಮುಚ್ಚಿರುತ್ತದೆ. ಅಲ್ಲಿ ಸಾಮಾನು ತುಂಬಿದೆ ಎನ್ನುತ್ತಾರೆ. ಒಳಗೊಂದು ಮಗು ಇದೆ ಎಂದು ಪಕ್ಕದ ಮನೆಯವರಿಂದ ತಿಳಿಯುತ್ತದೆ.

ಆ ತಂದೆತಾಯಿಯರನ್ನು ದೂರುವುದು ಸುಲಭ. ಆದರೆ ಅವರ ಭಯ ಹುಸಿಯಲ್ಲ. ದೊಡ್ಡ ಮಗಳಿಗೆ ಬಂದ ಸಂಬಂಧ ತಪ್ಪಿಹೋದೀತು ಎಂಬ ಅಂಜಿಕೆ ಒಂದು ಕಡೆ, ಯಾರ ಪಾಪದ ಫಲವೋ ಎನ್ನುವ ಊರವರ ಬಾಯಿ ಇನ್ನೊಂದು ಕಡೆ. ಹುಟ್ಟುಗುರುಡನನ್ನು ಕಂಡ ಶಿಷ್ಯರು ಇದೇ ಪ್ರಶ್ನೆಯನ್ನು ಯೇಸುವಿಗೆ ಹಾಕಿದ್ದರು. ಪಾಪ ಅವನದೂ ಅಲ್ಲ, ಅವನ ಹೆತ್ತವರದೂ ಅಲ್ಲ ಎಂದು ಪ್ರಭು ಅಂದೇ ಆ ಮಾತನ್ನು ತಳ್ಳಿಹಾಕಿದರು. ಎರಡು ಸಾವಿರ ವರ್ಷ ಕಳೆದರೂ ಪ್ರಶ್ನೆ ಮಾತ್ರ ನಮ್ಮ ಜಗಲಿಗಳ ಮೇಲೆ ಹಾಗೆಯೇ ಕುಳಿತಿದೆ.

ನಮ್ಮ ಗಡಿನಾಡಿನ ಜನರಿಗೆ ಗೋಡೆ ದಾಟುವುದು ಹೊಸದೇನಲ್ಲ. ಡೆಂಕಣಿಕೋಟೆ, ತಳಿ, ಕೆಲಮಂಗಲದ ಸಂತೆಗಳಲ್ಲಿ ಒಬ್ಬನೇ ವ್ಯಾಪಾರಿ ಕನ್ನಡದಲ್ಲಿ ಬೆಲೆ ಹೇಳಿ, ತೆಲುಗಿನಲ್ಲಿ ಚೌಕಾಸಿ ಕೇಳಿ, ತಮಿಳಿನಲ್ಲಿ ಚಿಲ್ಲರೆ ಕೊಡುತ್ತಾನೆ. ಇಷ್ಟು ಭಾಷೆಗಳ ನಡುವೆ ಬಾಳಲು ಕಲಿತ ನಾವು, ಕಿವಿ ಕೇಳದ ಒಬ್ಬ ನೆರೆಯವನೊಡನೆ ಮಾತನಾಡಲು ನಾಲ್ಕು ಸನ್ನೆಗಳನ್ನು ಏಕೆ ಕಲಿಯಲಿಲ್ಲ? ಅವನನ್ನು ವ್ಯಾಪಾರಕ್ಕೆ, ಹಾಡಿಗೆ, ಆಟಕ್ಕೆ ಬೇಕಾದವನೆಂದು ನಾವು ಎಣಿಸಲೇ ಇಲ್ಲ. ಕಾರಣ ಅಷ್ಟೇ.

ಈ ಗೋಡೆಯನ್ನು ಉಪದೇಶಕ್ಕಿಂತ ಕಲೆ ಚೆನ್ನಾಗಿ ದಾಟಿಸುತ್ತದೆ. ಅದರಲ್ಲೂ ನೋಡಲು ಬಂದವರನ್ನು ಸುಮ್ಮನೆ ಕೂರಲು ಬಿಡದೆ ಒಳಗೆ ಎಳೆದುಕೊಳ್ಳುವ ಕಲೆ.

ಜರ್ಮನಿಯಲ್ಲಿ ಆಂಡ್ರಿಯಾಸ್ ಹೈನೆಕೆ ಎಂಬವರು ರೇಡಿಯೋ ಸಂಸ್ಥೆಯೊಂದರಲ್ಲಿದ್ದಾಗ, ದೃಷ್ಟಿ ಕಳೆದುಕೊಂಡ ಯುವ ಪತ್ರಕರ್ತನೊಬ್ಬನಿಗೆ ತರಬೇತಿ ಕೊಡಬೇಕಾಯಿತು. ಮೊದಲು ಅವನ ಬಗ್ಗೆ ಕನಿಕರಪಟ್ಟವರು, ಒಡನಾಡಿದ ಮೇಲೆ ತಮ್ಮ ಕನಿಕರಕ್ಕೆ ತಾವೇ ನಾಚಿಕೊಂಡರು. ಅದರಿಂದ 1988ರಲ್ಲಿ ‘ಡೈಲಾಗ್ ಇನ್ ದ ಡಾರ್ಕ್’, ಅಂದರೆ ಕತ್ತಲೆಯಲ್ಲಿ ಸಂವಾದ ಎಂಬ ಪ್ರದರ್ಶನ ಹುಟ್ಟಿತು. ಅಲ್ಲಿ ನೋಡಲು ಏನೂ ಇಲ್ಲ. ಒಂದಿಷ್ಟೂ ಬೆಳಕಿಲ್ಲದ ಕೋಣೆಗಳಲ್ಲಿ ಉದ್ಯಾನ, ಸಂತೆ, ರಸ್ತೆ, ಕಾಫಿ ಅಂಗಡಿಗಳನ್ನು ನಿರ್ಮಿಸಿರುತ್ತಾರೆ. ಒಳಹೊಕ್ಕವರು ತಡಬಡಾಯಿಸುತ್ತಾರೆ. ಅವರನ್ನು ನಡೆಸುವವರು ಅಂಧರು. ಹೊರಗೆ ಯಾರಿಗೆ ನಾವು ರಸ್ತೆ ದಾಟಿಸುತ್ತೇವೋ, ಒಳಗೆ ಅವರೇ ನಮಗೆ ದಾರಿ ತೋರಿಸುತ್ತಾರೆ. ಅನೇಕ ದೇಶಗಳನ್ನು ಸುತ್ತಿದ ಈ ಪ್ರದರ್ಶನ 2011ರಲ್ಲಿ ಹೈದರಾಬಾದಿಗೂ ಬಂತು.

ಇದೇ ಬಗೆಯ ಕೆಲಸವನ್ನು ಬೆಂಗಳೂರಿನಲ್ಲಿ ಕ್ಲರೀಷಿಯನ್ ಸಭೆಯ ಫಾದರ್ ಜಾರ್ಜ್ ಕಣ್ಣಂತಾನಂ ಅವರು ‘ದಿ ಪ್ರಾಜೆಕ್ಟ್ ವಿಷನ್’ ಮೂಲಕ ಮಾಡಿದ್ದಾರೆ. ಅಕ್ಟೋಬರ್ ತಿಂಗಳ ಎರಡನೆಯ ಗುರುವಾರ ವಿಶ್ವ ದೃಷ್ಟಿ ದಿನ. ಆ ಸಂದರ್ಭಕ್ಕೆ ಅವರು ‘ಬ್ಲೈಂಡ್ ವಾಕ್’ ಏರ್ಪಡಿಸಿದರು. ಕಣ್ಣಿದ್ದವರು ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಅಂಧರು ಅವರ ಕೈ ಹಿಡಿದು ರಸ್ತೆಯಲ್ಲಿ ನಡೆಸುತ್ತಾರೆ. ನೇತ್ರದಾನಕ್ಕೆ ಜನರನ್ನು ಪ್ರೇರೇಪಿಸುವುದು ಇದರ ಉದ್ದೇಶ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಬರೀ ಬಟ್ಟೆ ಕಟ್ಟಿ ಹತ್ತು ನಿಮಿಷ ಓಡಾಡಿಸಿದರೆ ಒಳ್ಳೆಯದಕ್ಕಿಂತ ಕೆಡುಕೇ ಆಗಬಹುದು. ಸ್ವತಃ ಅಂಧರಾದ ಅಮೆರಿಕದ ಮನಃಶಾಸ್ತ್ರಜ್ಞೆ ಏರಿಯಲ್ ಸಿಲ್ವರ್‌ಮನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಹೀಗೆ ಬಟ್ಟೆ ಕಟ್ಟಿಕೊಂಡವರು, ಅಂಧರಿಗೆ ಸ್ವತಂತ್ರವಾಗಿ ಬದುಕುವ, ದುಡಿಯುವ ಸಾಮರ್ಥ್ಯ ಕಡಿಮೆ ಎಂದು ಬಟ್ಟೆ ಕಟ್ಟಿಕೊಳ್ಳದವರಿಗಿಂತ ಹೆಚ್ಚಾಗಿ ನಂಬಿದರಂತೆ. ಯೋಚಿಸಿದರೆ ಇದು ಸಹಜ. ಕಣ್ಣು ಮುಚ್ಚಿದ ಮೊದಲ ಗಳಿಗೆಯ ಗಾಬರಿ ಮಾತ್ರ ಅವರಿಗೆ ದಕ್ಕಿತು. ಕೋಲು ಹಿಡಿದು, ಸದ್ದು ಅಳೆದು, ಬೆರಳಿನಿಂದ ಓದಿ ವರ್ಷಗಟ್ಟಲೆ ಗಳಿಸಿದ ಜಾಣ್ಮೆ ಅವರಿಗೆ ಕಾಣಲಿಲ್ಲ. ಆದ್ದರಿಂದ ಕಣ್ಣಿಗೆ ಕಟ್ಟಿದ ಬಟ್ಟೆಗಿಂತ ಕೈ ಹಿಡಿದು ನಡೆಸುವ ಮನುಷ್ಯ ಮುಖ್ಯ. ಆ ಕೈ ಬಲ್ಲವರ ಕೈ ಎಂಬುದು ತಿಳಿದಾಗಲೇ ಗೋಡೆ ಬೀಳುವುದು.

ಜರ್ಮನಿಗಿಂತ ಎಷ್ಟೋ ಮುಂಚೆ ನಮ್ಮ ಕನ್ನಡ ನಾಡು ಇದನ್ನು ಮಾಡಿ ತೋರಿಸಿದೆ. 1892ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಹುಟ್ಟುಗುರುಡರು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು ಕರ್ನಾಟಕ ಮತ್ತು ಹಿಂದೂಸ್ತಾನಿ ಎರಡೂ ಸಂಗೀತಗಳಲ್ಲಿ ಪಾಂಡಿತ್ಯ ಪಡೆದರು. ಅಂಧ, ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ಅಲೆಯುತ್ತ ಹಾಡು ಕಲಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಹೀಗೆ ನೆಲೆಗೊಂಡಿತು. 1944ರಲ್ಲಿ ಅವರು ತೀರಿಕೊಂಡ ಮೇಲೆ ಎಳೆಯ ವಯಸ್ಸಿನಲ್ಲೇ ದೃಷ್ಟಿ ಕಳೆದುಕೊಂಡಿದ್ದ ಶಿಷ್ಯ ಪುಟ್ಟರಾಜ ಗವಾಯಿಗಳು 2010ರಲ್ಲಿ ತಾವು ಕಣ್ಮುಚ್ಚುವವರೆಗೆ, 66 ವರ್ಷ ಅದನ್ನು ನಡೆಸಿದರು. ಜಾತಿ ಮತ ಕೇಳದೆ ಮಕ್ಕಳಿಗೆ ಅನ್ನ, ವಿದ್ಯೆ ಕೊಟ್ಟರು. ಅದರ ಖರ್ಚಿಗೆಂದು ನಾಟಕ ಕಂಪನಿಯನ್ನೇ ಕಟ್ಟಿದರು. ಜನ ಭಿಕ್ಷೆ ಹಾಕಲು ಬರಲಿಲ್ಲ, ಟಿಕೆಟ್ ಕೊಂಡು ನಾಟಕ ನೋಡಲು ಬಂದರು. ಈ ವ್ಯತ್ಯಾಸ ಸಣ್ಣದಲ್ಲ.

ಇನ್ನೂ ಗಮನಿಸಬೇಕಾದದ್ದು, ಕಣ್ಣಿದ್ದವರು ಈ ಗುರುಗಳ ಪಾದದ ಬಳಿ ಕುಳಿತು ಕಲಿತರು ಎಂಬುದು. ಬಸವರಾಜ ರಾಜಗುರು ಅವರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಇಂದು ನಾಡೆಲ್ಲ ಕೇಳುವ ಎಂ. ವೆಂಕಟೇಶ ಕುಮಾರ್ ಅವರು ಪುಟ್ಟರಾಜ ಗವಾಯಿಗಳ ಶಿಷ್ಯರು. ಇವರಿಗೆ ದಾರಿ ತೋರಿಸಿದವರು ಕಣ್ಣಿಲ್ಲದವರು. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂದದ್ದು ಅನುಕಂಪದಿಂದಲ್ಲ, ವಿದ್ಯೆಯಿಂದ.

ಬೆಂಗಳೂರಿನಲ್ಲಿ 1969ರಲ್ಲಿ ಆರಂಭವಾದ ರಮಣ ಮಹರ್ಷಿ ಅಂಧರ ಶಾಲೆಯ ಮಕ್ಕಳು ಭರತನಾಟ್ಯ ಆಡುತ್ತಾರೆ. ಮುದ್ರೆಯನ್ನು ಕಣ್ಣಿನಿಂದ ನೋಡಿ ಕಲಿಯುವಂತಿಲ್ಲ; ಗುರುವಿನ ಕೈಯನ್ನು ಮುಟ್ಟಿ ಮುಟ್ಟಿ ಕಲಿಯಬೇಕು. ಅದೇ ನಗರದಲ್ಲಿ 2023ರಲ್ಲಿ ತೆರೆದ ‘ಮ್ಯಾಪ್’ ಎಂಬ ಕಲಾ ಸಂಗ್ರಹಾಲಯದಲ್ಲಿ ಕೆಲವು ಚಿತ್ರಗಳನ್ನು ಬೆರಳಿನಿಂದ ಮುಟ್ಟಿ ತಿಳಿಯುವಂತೆ ಉಬ್ಬುರೂಪದಲ್ಲಿ ಮಾಡಿಟ್ಟಿದ್ದಾರೆ. ಹೊಸೂರಿನಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದು. ನಮ್ಮ ಯುವಜನರ ಪ್ರವಾಸಗಳು ಅತ್ತ ಕಡೆಗೂ ಹೋಗಲಿ.

ಈಗ ನಮ್ಮ ಮನೆಯ ಅಂಗಳಕ್ಕೆ ಬರೋಣ. ನಮ್ಮಲ್ಲೂ ಕಲೆಗೆ ಬಡತನವಿಲ್ಲ. ಕೃಷ್ಣಗಿರಿ ಸೀಮೆಯ ಹಳ್ಳಿಗಳಲ್ಲಿ ಬೇಸಿಗೆಯ ರಾತ್ರಿಯೆಲ್ಲ ತೆರುಕ್ಕೂತ್ತು ನಡೆಯುತ್ತದೆ. ನಮ್ಮ ಕ್ರೈಸ್ತ ಊರುಗಳಲ್ಲಿ ತಪಸ್ಸು ಕಾಲದಲ್ಲಿ ಪ್ರಭುವಿನ ಯಾತನೆಯ ನಾಟಕ, ಕ್ರಿಸ್‌ಮಸ್ಸಿಗೆ ಗೋದಲಿ, ಹಾಡು, ಕಿರುನಾಟಕ. ಆದರೆ ಪಾತ್ರ ಹಂಚುವುದನ್ನು ಗಮನಿಸಿ. ಕುರುಡ ಬಾರ್ತಿಮಾಯನ ಪಾತ್ರಕ್ಕೆ ಕಣ್ಣಿರುವ ಯುವಕ ಕಣ್ಣು ಮುಚ್ಚಿಕೊಂಡು ಬರುತ್ತಾನೆ. ಕುಂಟನ ಪಾತ್ರಕ್ಕೆ ಗಟ್ಟಿಮುಟ್ಟಾದವನು ಕುಂಟುತ್ತ ಬರುತ್ತಾನೆ. ಮುಂದೆ ಕುಳಿತ ಮಕ್ಕಳು ನಗುತ್ತಾರೆ. ನಿಜವಾಗಿ ನಡೆಯಲಾಗದವನು ಜನರ ಹಿಂದೆ ಎಲ್ಲೋ ಇರುತ್ತಾನೆ, ಇಲ್ಲವೆ ಮನೆಯಲ್ಲೇ ಉಳಿಯುತ್ತಾನೆ. ಅವನ ಬಾಳನ್ನು ನಾವು ಆಡುತ್ತೇವೆ, ಅವನನ್ನೇ ಆಟಕ್ಕೆ ಕರೆಯುವುದಿಲ್ಲ.

ಅವನಿಗೆ ಕುಂಟನ ಪಾತ್ರವನ್ನೇ ಕೊಡಬೇಕೆಂದೂ ಇಲ್ಲ. ಗಾಲಿಕುರ್ಚಿಯಲ್ಲಿ ಕುಳಿತವನು ಪಿಲಾತನಾಗಲಿ, ಪೇತ್ರನಾಗಲಿ. ಕಣ್ಣು ಕಾಣದ ಹುಡುಗಿ ದೇವದೂತಳಾಗಿ ಹಾಡಲಿ. ಮಾತು ಬಾರದವರು ಸನ್ನೆಯಲ್ಲಿ ಹೇಳಲಿ, ಉಳಿದವರು ಆ ಸನ್ನೆ ಕಲಿಯಲಿ. ಅಭ್ಯಾಸಕ್ಕೆ ಸಮಯ ಹೆಚ್ಚು ಹಿಡಿಯುತ್ತದೆ. ವೇದಿಕೆಗೆ ಮೆಟ್ಟಿಲಿನ ಜೊತೆ ಇಳಿಜಾರು ಹಲಗೆ ಹಾಕಬೇಕಾಗುತ್ತದೆ. ಹಾಕೋಣ. ಹಾಕಿದ ಹಲಗೆಯನ್ನು ನಾಟಕ ಮುಗಿದ ಮೇಲೆ ಚರ್ಚಿನ ಬಾಗಿಲಿಗೆ ಒಯ್ದಿಡೋಣ, ಭಾನುವಾರಕ್ಕೆ ಬೇಕಾಗುತ್ತದೆ. ಪಾರ್ಶ್ವವಾಯು ಪೀಡಿತನನ್ನು ಹೊತ್ತ ನಾಲ್ವರು ಬಾಗಿಲಲ್ಲಿ ದಾರಿ ಸಿಗದೆ ಮನೆಯ ಮಾಡನ್ನೇ ತೆಗೆದರೆಂದು ಶುಭಸಂದೇಶ ಹೇಳುತ್ತದೆ. ನಾವು ಮಾಡು ತೆಗೆಯಬೇಕಾಗಿಲ್ಲ, ಒಂದು ಹಲಗೆ ಹಾಕಿದರೆ ಸಾಕು.

ಮನೆಯಲ್ಲಿ ಇಂಥ ಮಗು ಇರುವ ತಂದೆತಾಯಿಯರಲ್ಲಿ ನಮ್ಮದೊಂದು ಬಿನ್ನಹ. ಮಗುವನ್ನು ಚರ್ಚಿಗೆ ಕರೆತನ್ನಿ. ಪೂಜೆಯ ಮಧ್ಯೆ ಅದು ಕೂಗಿದರೆ ಕೂಗಲಿ, ನಾವು ಪ್ರಸಂಗವನ್ನು ಒಂದು ಗಳಿಗೆ ನಿಲ್ಲಿಸುತ್ತೇವೆ. ಮೊದಲ ಪರಮ ಪ್ರಸಾದಕ್ಕೆ ಹೇಗೆ ಸಿದ್ಧಪಡಿಸುವುದು ಎಂದು ನಿಮ್ಮ ಗುರುಗಳನ್ನು ಸಂಕೋಚವಿಲ್ಲದೆ ಕೇಳಿ. ಉಳಿದ ಕುಟುಂಬಗಳಲ್ಲಿಯೂ ಒಂದು ಬಿನ್ನಹ: ಆ ಕೂಗು ಕೇಳಿದಾಗ ಹಿಂತಿರುಗಿ ನೋಡಬೇಡಿ. ಸ್ವಲ್ಪ ಸರಿದು ಬೆಂಚಿನಲ್ಲಿ ಜಾಗ ಮಾಡಿಕೊಡಿ.