ಆಟದ ಮೇಜಿಗೆ ದೊಡ್ಡ ನಕ್ಷೆ

ಪಗಡೆಯ ಹಾಸಿನಲ್ಲಿ ಒಂದು ಮನೆ ತುಸು ಹಿರಿದಾಗಿ, ಪಕ್ಕದ ಮನೆ ತುಸು ಕಿರಿದಾಗಿ ಇದ್ದರೂ ಆಟಕ್ಕೆ ಕುಂದಿಲ್ಲ. ಜಗಲಿಯ ಮೇಲೆ ಇದ್ದಿಲಿನಿಂದ ಗೀಚಿದ ಚೌಕಾಬಾರದ ಮನೆಗಳನ್ನು ಅಳತೆಗೋಲು ಹಿಡಿದು ಪರೀಕ್ಷಿಸಿದವರು ಯಾರೂ ಇರಲಾರರು. ಅಲ್ಲಿ ಲೆಕ್ಕಕ್ಕೆ ಬರತಕ್ಕದ್ದು ಮನೆಗಳ ಸಂಖ್ಯೆ, ಅವುಗಳ ಅಳತೆಯಲ್ಲ. ಆದರೆ ಮನೆಯ ಅಳತೆಯೇ ಆಟದ ಪ್ರಾಣವಾಗಿರುವ ಇನ್ನೊಂದು ಜಾತಿಯ ಆಟಗಳುಂಟು. ಈಗ ನಮ್ಮ ಕಾಲೇಜು ತರುಣರಲ್ಲಿಯೂ ಕೆಲವರು ಆಸಕ್ತಿಯಿಂದ ಆಡುತ್ತಿರುವ ಪಾತ್ರಧಾರಣೆಯ ಆಟಗಳು ಅಂಥವು. ಅವುಗಳಿಗೆ ಬೇಕಾದ ದೊಡ್ಡ ನಕ್ಷೆಯನ್ನು ಅಳತೆ ಕೆಡದಂತೆ ಕಾಗದಕ್ಕೆ ಇಳಿಸುವುದು ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ. ಮೇಲುನೋಟಕ್ಕೆ ಇದು ಮುದ್ರಣದ ಅಂಗಡಿಯ ವಿಷಯವೆಂದು ತೋರಿದರೂ ಇದರೊಳಗೆ ಭೌತಶಾಸ್ತ್ರ ಸಾಕಷ್ಟು ಅಡಗಿದೆ.

ಈ ಆಟಗಳ ವಂಶವೃಕ್ಷ ಪ್ರಷ್ಯಾದ ಸೈನ್ಯದವರೆಗೆ ಹೋಗುತ್ತದೆ. 1812ರಲ್ಲಿ ರೈಸ್ವಿಟ್ಸ್ ಎಂಬಾತನು ದೊಡ್ಡ ಮೇಜಿನಂಥ ಪೆಟ್ಟಿಗೆಯೊಂದರ ಮೇಲೆ ಬೆಟ್ಟ, ಹೊಳೆ, ಹಳ್ಳಿಗಳ ತುಂಡುಗಳನ್ನು ಜೋಡಿಸಿ ಆಡುವ ಯುದ್ಧದ ಆಟವನ್ನು ಅರಸ ಮೂರನೆಯ ಫ್ರೆಡರಿಕ್ ವಿಲಿಯಮನಿಗೆ ಅರ್ಪಿಸಿದನು. 1824ರಲ್ಲಿ ಅವನ ಮಗನು ಆ ಭಾರವಾದ ಮೇಜನ್ನು ತೊರೆದು, 8000ಕ್ಕೆ 1ರ ಪ್ರಮಾಣದ ಕಾಗದದ ನಕ್ಷೆಯ ಮೇಲೆ ಆಡುವ ನಿಯಮಗಳನ್ನು ಪ್ರಕಟಿಸಿದನು. ಮೇಜಿನಿಂದ ಕಾಗದಕ್ಕೆ ಬಂದ ಮೇಲೆ ಆಟವನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋಗುವಂತಾಯಿತು. ಅನಂತರದ ಕಥೆಯನ್ನು ಬೇಗ ಮುಗಿಸೋಣ. 1913ರಲ್ಲಿ ಎಚ್. ಜಿ. ವೆಲ್ಸ್ ಆಟದ ಸೈನಿಕರನ್ನು ಕುರಿತು ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕ ಬರೆದನು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಇದರಲ್ಲಿ ಸೈನ್ಯಗಳಿಲ್ಲ. ಒಬ್ಬೊಬ್ಬ ಆಟಗಾರನೂ ಒಂದೊಂದು ಪಾತ್ರವನ್ನು ಧರಿಸುತ್ತಾನೆ; ನಿರ್ವಾಹಕನೊಬ್ಬನು ಕಥೆಯನ್ನು ನಡೆಸುತ್ತಾನೆ; ಸಂದೇಹವಿದ್ದಲ್ಲಿ ದಾಳ ತೀರ್ಪು ಹೇಳುತ್ತದೆ.

ಆಟದ ಭೂಮಿಯಲ್ಲಿ ಐದು ಅಡಿಗೆ ನಕ್ಷೆಯಲ್ಲಿ ಒಂದು ಅಂಗುಲ ಎಂಬುದು ಈಗ ರೂಢಿಯಲ್ಲಿರುವ ಪ್ರಮಾಣ. ಐದು ಅಡಿಯೆಂದರೆ 60 ಅಂಗುಲ. ಆದಕಾರಣ ನಕ್ಷೆಯ ಪ್ರಮಾಣ 60ಕ್ಕೆ 1. ಕಾಯಿಗಳಾಗಿ ಬಳಸುವ ಪುಟ್ಟ ಗೊಂಬೆಗಳ ಎತ್ತರ ಸುಮಾರು 28 ಮಿಲಿಮೀಟರು. ಅದನ್ನು 60ರಿಂದ ಗುಣಿಸಿದರೆ 1.68 ಮೀಟರು, ಎಂದರೆ ಐದೂವರೆ ಅಡಿಯ ಆಳು. ಗೊಂಬೆಯ ಪೀಠದ ಅಗಲ ಸಾಮಾನ್ಯವಾಗಿ 25 ಮಿಲಿಮೀಟರು. ನಕ್ಷೆಯ ಮನೆ 25.4 ಮಿಲಿಮೀಟರು. ನಡುವೆ ಉಳಿದದ್ದು ಅರ್ಧ ಮಿಲಿಮೀಟರಿಗೂ ಕಡಿಮೆ. ವಾಚಕರು ಈ ಅಂತರವನ್ನು ನೆನಪಿನಲ್ಲಿಡಬೇಕು. ಮುಂದಿನ ತೊಡಕುಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಮನೆಯಲ್ಲಿರುವ ಮುದ್ರಣಯಂತ್ರಕ್ಕೆ ನಕ್ಷೆಯನ್ನು ಕೊಟ್ಟಾಗ ತಂತ್ರಾಂಶವು ‘ಫಿಟ್ ಟು ಪೇಜ್’ ಎಂಬ ಉಪಕಾರವೊಂದನ್ನು ಕೇಳದೆಯೇ ಮಾಡಿಬಿಡುವುದುಂಟು. ಕಾಗದದ ಅಂಚಿನವರೆಗೆ ಮಸಿ ಹಾಕಲು ಬಹುಪಾಲು ಯಂತ್ರಗಳಿಗೆ ಬರುವುದಿಲ್ಲವಾದ್ದರಿಂದ ಅದು ಚಿತ್ರವನ್ನು ನೂರಕ್ಕೆ ಮೂರು ನಾಲ್ಕರಷ್ಟು ಕುಗ್ಗಿಸಿ ಒಳಗೆ ತೂರಿಸುತ್ತದೆ. ಪತ್ರವನ್ನೋ ಫೋಟೋವನ್ನೋ ಮುದ್ರಿಸುವಾಗ ಇದು ಯಾರ ಕಣ್ಣಿಗೂ ಬೀಳದು. ಆಟದ ನಕ್ಷೆಯಲ್ಲಿ ಏನಾಗುತ್ತದೆ ನೋಡಿ. ನೂರಕ್ಕೆ ಮೂರರಷ್ಟು ಕುಗ್ಗಿದರೆ ಮನೆ 24.6 ಮಿಲಿಮೀಟರಾಗುತ್ತದೆ, 25 ಮಿಲಿಮೀಟರಿನ ಪೀಠ ಅದರಲ್ಲಿ ಕೂರುವುದಿಲ್ಲ. ಇಕ್ಕಟ್ಟಾದ ಓಣಿಯಲ್ಲಿ ಹತ್ತು ಕಾಯಿಗಳು ಸಾಲಾಗಿ ನಿಂತರೆ ಒಂದನ್ನೊಂದು ತಳ್ಳಿ, ಕೊನೆಯದು ತನ್ನ ಮನೆಯ ಗೆರೆಯನ್ನು ದಾಟುತ್ತದೆ. 33 ಮನೆಗಳ ಉದ್ದದಲ್ಲಿ ಒಟ್ಟು ಒಂದು ಅಂಗುಲವೇ ಮಾಯವಾಗಿರುತ್ತದೆ. ಮನೆಗಳನ್ನು ಎಣಿಸದೆ ಅಳತೆಪಟ್ಟಿ ಹಿಡಿದು ಆಡುವವರಿಗಂತೂ ಇದು ನೇರವಾಗಿ ಅನ್ಯಾಯ. ಇಪ್ಪತ್ತು ಅಡಿ ತ್ರಿಜ್ಯದ ಅಗ್ನಿಗೋಳ ಸಿಡಿದಾಗ ಅದರ ಅಂಚಿನ ಆಚೆಗೆ ನಿಂತಿದ್ದವನು ಕುಗ್ಗಿದ ನಕ್ಷೆಯಲ್ಲಿ ಅಂಚಿನ ಒಳಗೆ ಬಂದಿರುತ್ತಾನೆ. ವಾರಗಟ್ಟಲೆ ಪೋಷಿಸಿದ ಪಾತ್ರವೊಂದು ಮೂರು ಮಿಲಿಮೀಟರಿನ ತಪ್ಪಿಗೆ ಸುಟ್ಟುಹೋದರೆ ಆಟಗಾರನು ಜಗಳಕ್ಕೆ ನಿಲ್ಲುವುದು ಸಹಜವೇ ಆಗಿದೆ.

ಇದಕ್ಕೆ ಪರಿಹಾರ ಸುಲಭ. ಮುದ್ರಣದ ಆಯ್ಕೆಗಳಲ್ಲಿ ‘ಆಕ್ಚುಯಲ್ ಸೈಜ್’ ಅಥವಾ ನೂರಕ್ಕೆ ನೂರು ಎಂಬುದನ್ನು ಆರಿಸಿ, ಮೊದಲು ಒಂದೇ ಹಾಳೆಯನ್ನು ತೆಗೆದು, ಹತ್ತು ಮನೆಗಳನ್ನು ಒಟ್ಟಾಗಿ ಅಳೆಯಬೇಕು. 254 ಮಿಲಿಮೀಟರು ಬಂದರೆ ಸರಿ. ಒಂದೇ ಮನೆಯನ್ನು ಅಳೆದು ತೃಪ್ತಿಪಡಬಾರದು. ಅಳತೆಗೋಲಿನಲ್ಲಿ ನಮ್ಮ ಕಣ್ಣು ಅರ್ಧ ಮಿಲಿಮೀಟರು ತಪ್ಪುವುದು ಸಾಮಾನ್ಯ. ಹತ್ತು ಮನೆಗಳ ಮೇಲೆ ಆ ತಪ್ಪು ಹಂಚಿಹೋದರೆ ಮನೆಯೊಂದಕ್ಕೆ ಅದರ ಹತ್ತರಲ್ಲೊಂದು ಪಾಲು ಮಾತ್ರ ಬರುತ್ತದೆ. ಲೋಲಕದ ಇಪ್ಪತ್ತು ಆಂದೋಲನಗಳ ಕಾಲವನ್ನು ಒಟ್ಟಿಗೆ ಅಳೆದು ಭಾಗಿಸುವ ಪ್ರಯೋಗವನ್ನು ಮಾಡಿದವರಿಗೆ ಇದರ ಮರ್ಮ ತಿಳಿದೇ ಇದೆ.

ಇನ್ನು ಚಿತ್ರದ ಸೂಕ್ಷ್ಮತೆಯ ಪ್ರಶ್ನೆ. ಗಣಕಯಂತ್ರದಲ್ಲಿರುವ ನಕ್ಷೆಯು ಬಣ್ಣದ ಬಿಂದುಗಳ, ಎಂದರೆ ಪಿಕ್ಸೆಲ್‌ಗಳ, ಒಂದು ಕೋಷ್ಟಕ. ಆ ಬಿಂದುಗಳಿಗೆ ತಮ್ಮದೇ ಆದ ಅಂಗುಲವಿಲ್ಲ. ಅಂಗುಲಕ್ಕೆ ಇಷ್ಟು ಬಿಂದು ಎಂದು ನಾವು ವಿಧಿಸಿದಾಗಲೇ ಅವು ಅಳತೆಯನ್ನು ಪಡೆಯುತ್ತವೆ. ಅಂಗುಲಕ್ಕೆ 300 ಇಲ್ಲದೆ ಮುದ್ರಿಸಲೇಬಾರದೆಂದು ಅಂಗಡಿಯವರು ಹೇಳುವುದನ್ನು ಕೇಳಿದ್ದೇವೆ. ಇದು ಎಲ್ಲಿಂದ ಬಂತು? ಆರೋಗ್ಯವಂತನ ಕಣ್ಣು ಸುಮಾರು ಒಂದು ಕಲೆಯ ಕೋನದಷ್ಟು, ಎಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು, ಅಂತರದಲ್ಲಿರುವ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ಕಾಣಬಲ್ಲದು. ಪುಸ್ತಕವನ್ನು ಓದುವ 30 ಸೆಂಟಿಮೀಟರು ದೂರದಲ್ಲಿ ಈ ಕೋನ 0.087 ಮಿಲಿಮೀಟರಿಗೆ ಸಮ. ಅಂಗುಲಕ್ಕೆ ಸುಮಾರು 290 ಬಿಂದು. 300ರ ಲೆಕ್ಕ ಇದರ ಹತ್ತಿರವೇ ಇದೆ. ಆದರೆ ಆಟದ ನಕ್ಷೆಯನ್ನು ಯಾರೂ ಮೂಗಿನ ಬಳಿ ಹಿಡಿದು ನೋಡುವುದಿಲ್ಲ. ಮೇಜಿನ ಸುತ್ತ ಕುಳಿತವನ ಕಣ್ಣಿಗೂ ನಕ್ಷೆಗೂ ಮುಕ್ಕಾಲು ಮೀಟರು ದೂರವಿದೆಯೆಂದು ಹಿಡಿಯೋಣ. ಆಗ ಅದೇ ಕೋನ 0.22 ಮಿಲಿಮೀಟರಾಗುತ್ತದೆ, ಅಂಗುಲಕ್ಕೆ 116 ಬಿಂದು ಸಾಕು. ಬಗ್ಗಿ ನೋಡುವವರಿಗಾಗಿ 150 ಎಂದು ಇಟ್ಟುಕೊಂಡರೆ ಕೊರತೆಯೇನೂ ಆಗದು.

ಈ ಉಳಿತಾಯ ಚಿಕ್ಕದಲ್ಲ. 21 ಅಂಗುಲ ಅಗಲ, 33 ಅಂಗುಲ ಉದ್ದದ ನಕ್ಷೆಗೆ ಅಂಗುಲಕ್ಕೆ 300ರಂತೆ ಸುಮಾರು 6 ಕೋಟಿ 24 ಲಕ್ಷ ಬಿಂದುಗಳು ಬೇಕು. 150ರಂತೆ 1 ಕೋಟಿ 56 ಲಕ್ಷ. ಸೂಕ್ಷ್ಮತೆ ಅರ್ಧವಾದರೆ ಹೊರೆ ಕಾಲು ಭಾಗಕ್ಕೆ ಇಳಿಯುತ್ತದೆ, ಏತಕ್ಕೆಂದರೆ ಬಿಂದುಗಳು ಉದ್ದಕ್ಕೂ ಅಗಲಕ್ಕೂ ಹರಡಿವೆ. ಗಣಕಯಂತ್ರದ ಮೂಲಕ ದೂರದೂರ ಕುಳಿತು ಆಡುವವರಿಗಾಗಿ ಮಾಡಿದ ನಕ್ಷೆಗಳಲ್ಲಿ ಮನೆಯೊಂದಕ್ಕೆ 70 ಬಿಂದುಗಳಿರುವುದು ಸಾಮಾನ್ಯ. ಅವನ್ನು ಮುದ್ರಿಸಿದರೆ ಅಂಚುಗಳು ಸ್ವಲ್ಪ ಒರಟಾಗಿ ಕಾಣುತ್ತವೆ. ಆದರೂ ಆಟಕ್ಕೆ ಅಡ್ಡಿಯಿಲ್ಲ. ಅಂಥ ಚಿತ್ರವನ್ನು ತಂತ್ರಾಂಶದಿಂದ 300ಕ್ಕೆ ಹಿಗ್ಗಿಸಿಕೊಂಡು ಸಮಾಧಾನಪಡುವುದು ಮಜ್ಜಿಗೆಗೆ ನೀರು ಹೊಯ್ದು ಅಳತೆ ಹೆಚ್ಚಿಸಿದಂತೆಯೇ ಸರಿ. ಮನೆಯ ಗೆರೆಗಳನ್ನು ಮಾತ್ರ ಬಿಂದುಗಳಾಗಿಡದೆ ರೇಖಾಗಣಿತದ ರೇಖೆಗಳಾಗಿ ಬೇರೆಯೇ ಎಳೆಯಿಸುವುದು ಮೇಲು. ಅವು ಯಾವ ಗಾತ್ರದಲ್ಲಿಯೂ ಚೊಕ್ಕಟವಾಗಿರುತ್ತವೆ.

ಮುದ್ರಣಯಂತ್ರದ ಪೆಟ್ಟಿಗೆಯ ಮೇಲೆ ಅಂಗುಲಕ್ಕೆ 1200 ಚುಕ್ಕಿ ಎಂದು ಬರೆದಿರುತ್ತದಲ್ಲ, ಅದೇನು? ಅವು ಮಸಿಯ ಚುಕ್ಕಿಗಳು; ಚಿತ್ರದ ಬಿಂದುಗಳಲ್ಲ. ಸಾಧಾರಣ ಯಂತ್ರಕ್ಕೆ ಗೊತ್ತಿರುವುದು ನಾಲ್ಕು ಮಸಿಗಳು ಮಾತ್ರ, ಮತ್ತು ಒಂದೊಂದನ್ನೂ ಹಾಕುವುದು ಅಥವಾ ಬಿಡುವುದು. ನಸುಬೂದು ಬಣ್ಣ ಬೇಕಾದರೆ ಎಂಟೆಂಟು ಚುಕ್ಕಿಗಳ ಚೌಕದಲ್ಲಿ ಕೆಲವನ್ನು ಕಪ್ಪಾಗಿಸಿ ಉಳಿದವನ್ನು ಬಿಳಿಯಾಗಿ ಬಿಟ್ಟು ಕಣ್ಣನ್ನು ಮರುಳುಮಾಡಬೇಕು. 1200ನ್ನು 8ರಿಂದ ಭಾಗಿಸಿದರೆ 150. ನಾವು ಮೇಲೆ ಬೇಡಿದ್ದೂ ಅಷ್ಟೇ. ಬಣ್ಣದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಪರದೆಯು ತಾನೇ ಬೆಳಕನ್ನು ಹೊಮ್ಮಿಸುತ್ತದೆ. ಕಾಗದವು ಕೋಣೆಯ ಬೆಳಕಿನಲ್ಲಿ ಒಂದಿಷ್ಟನ್ನು ನುಂಗಿ ಉಳಿದುದನ್ನು ಹಿಂದಿರುಗಿಸುತ್ತದೆ. ಪರದೆಯ ಮೇಲೆ ಗಂಭೀರವಾಗಿ ಕಂಡ ಕತ್ತಲೆಯ ಸುರಂಗ ಕಾಗದದ ಮೇಲೆ ಬರಿಯ ಮಸಿಯ ಕೊಳವಾಗುತ್ತದೆ. ಮಸಿಯ ವೆಚ್ಚವೂ ಹೆಚ್ಚು, ನೆನೆದ ಕಾಗದ ಸುಕ್ಕುಗಟ್ಟುವುದೂ ಹೆಚ್ಚು. ನೆಲವನ್ನು ತಿಳಿಯಾಗಿಟ್ಟು ಗೋಡೆಗಳನ್ನು ಮಾತ್ರ ಕಪ್ಪಾಗಿಸುವುದೇ ನಮಗೆ ಒಪ್ಪಿಗೆಯಾದ ಕ್ರಮ.

ಈಗ ಕಾಗದಕ್ಕೆ ಬರೋಣ. ನಾವೆಲ್ಲ ಬಳಸುವ ಎ4 ಹಾಳೆ 210 ಮಿಲಿಮೀಟರು ಅಗಲ, 297 ಮಿಲಿಮೀಟರು ಉದ್ದ. ಈ ಪ್ರಮಾಣ 2ರ ವರ್ಗಮೂಲ. ಹಾಳೆಯನ್ನು ನಡುವೆ ಮಡಿಸಿದರೂ ಅದೇ ಆಕಾರ ಉಳಿಯುತ್ತದೆ. ಜರ್ಮನಿಯ ಭೌತವಿಜ್ಞಾನಿ ಲಿಖ್ಟೆನ್‌ಬೆರ್ಗ್ 1786ರ ಪತ್ರವೊಂದರಲ್ಲಿ ಇದರ ಗುಣವನ್ನು ವಿವರಿಸಿದ್ದನು. 1922ರಲ್ಲಿ ಅದು ಆ ದೇಶದ ಮಾನಕವಾಯಿತು. (ಆಟದಲ್ಲಿಯೂ ಇದೇ ಸಂಖ್ಯೆ ತಂಟೆ ಮಾಡುತ್ತದೆ: ಮೂಲೆಯಿಂದ ಮೂಲೆಗೆ ನಡೆದವನು ಒಂದು ಮನೆಯಲ್ಲ, 1.414 ಮನೆ ನಡೆದಿರುತ್ತಾನೆ. ಓರೆ ನಡೆಗಳನ್ನು ಒಂದು, ಎರಡು, ಒಂದು, ಎರಡು ಎಂದು ಎಣಿಸಿ ಸರಾಸರಿ ಒಂದೂವರೆ ಮಾಡಿಕೊಂಡ ನಿಯಮಗಳುಂಟು.) ಸುತ್ತಲೂ 5 ಮಿಲಿಮೀಟರು ಅಂಚು ಬಿಟ್ಟರೆ ಹಾಳೆಯಲ್ಲಿ ಉಳಿಯುವುದು 200ಕ್ಕೆ 287, ಅಂಗುಲಗಳಲ್ಲಿ 7.87ಕ್ಕೆ 11.3. ಪೂರ್ಣ ಮನೆಗಳು ಏಳಕ್ಕೆ ಹನ್ನೊಂದು.

24ಕ್ಕೆ 36 ಮನೆಗಳ ನಕ್ಷೆಯನ್ನು ಹೀಗೆ ಕತ್ತರಿಸಿದರೆ ನಾಲ್ಕು ನಾಲ್ಕು ಹದಿನಾರು ಹಾಳೆಗಳು ಬೇಕು, ಅಂಚಿನ ಹಾಳೆಗಳು ಬಹುಮಟ್ಟಿಗೆ ಖಾಲಿ. ಅದೇ ನಕ್ಷೆಯನ್ನು 21ಕ್ಕೆ 33 ಮನೆಗಳಿಗೆ ಇಳಿಸಿಕೊಂಡರೆ ಮೂರು ಮೂರು ಒಂಬತ್ತು ಹಾಳೆಗಳು ಸಾಕು. ಕಳೆದುಕೊಂಡ ಭೂಮಿ ಐದರಲ್ಲಿ ಒಂದು ಪಾಲು. ಉಳಿದ ಹಾಳೆ ಹದಿನಾರರಲ್ಲಿ ಏಳು. ಜೋಡಣೆಯ ಗೆರೆಗಳು ಮನೆಯ ಗೆರೆಗಳ ಮೇಲೆಯೇ ಬೀಳುವುದರಿಂದ ಕಣ್ಣಿಗೂ ಹಿತ. ನಕ್ಷೆಯನ್ನು ಬರೆಯುವ ಮೊದಲೇ ಈ ಲೆಕ್ಕ ಹಾಕಿಕೊಳ್ಳುವವರು ವಿರಳ. ಬರೆದಾದ ಮೇಲೆ ಹಾಕಿ ಫಲವಿಲ್ಲ.

ಹಾಳೆಗಳನ್ನು ಅಂಟಿಸುವಾಗ ಒಂದೊಂದು ಸಂಧಿಯಲ್ಲಿ ಅರ್ಧ ಮಿಲಿಮೀಟರು ತಪ್ಪಿತೆನ್ನೋಣ. ತಪ್ಪು ಒಮ್ಮೆ ಅತ್ತ ಒಮ್ಮೆ ಇತ್ತ ಬಿದ್ದರೆ ನಾಲ್ಕು ಸಂಧಿಗಳ ಬಳಿಕ ಒಟ್ಟು ತಪ್ಪು ಸಾಮಾನ್ಯವಾಗಿ ಒಂದು ಮಿಲಿಮೀಟರಿನಷ್ಟು. ಯಾವಾಗಲೂ ಒಂದೇ ಕಡೆಗೆ ಬಿದ್ದರೆ ಎರಡು. ಒಂದು ಮೂಲೆಯಿಂದ ಆರಂಭಿಸಿದರೆ ಈ ತಪ್ಪೆಲ್ಲ ಎದುರು ಮೂಲೆಯಲ್ಲಿ ಕೂಡಿಕೊಳ್ಳುತ್ತದೆ. ನಡುವಣ ಹಾಳೆಯಿಂದ ಆರಂಭಿಸಿ ಹೊರಕ್ಕೆ ಹೋದರೆ ಎರಡೂ ಕಡೆಗೆ ಹಂಚಿಹೋಗುತ್ತದೆ.

ಕಾಗದವೂ ಸುಮ್ಮನಿರುವ ವಸ್ತುವಲ್ಲ. ಅದರ ನಾರುಗಳು ಗಾಳಿಯ ತೇವವನ್ನು ಹೀರಿ ಉಬ್ಬುತ್ತವೆ. ಉದ್ದದಲ್ಲಿ ಕಡಿಮೆ, ದಪ್ಪದಲ್ಲಿ ಹೆಚ್ಚು. ಕಾಗದದ ಕಾರ್ಖಾನೆಯಲ್ಲಿ ಹೆಚ್ಚಿನ ನಾರುಗಳು ಯಂತ್ರದ ಚಲನೆಯ ದಿಕ್ಕಿನಲ್ಲಿ ಮಲಗಿರುವುದರಿಂದ ಹಾಳೆಯು ಒಂದು ದಿಕ್ಕಿಗಿಂತ ಅದಕ್ಕೆ ಅಡ್ಡವಾದ ದಿಕ್ಕಿನಲ್ಲಿ ಹೆಚ್ಚು ಹಿಗ್ಗುತ್ತದೆ. ಕರಾವಳಿಯ ಆಷಾಢದಲ್ಲಿ ನೂರಕ್ಕೆ ಅರ್ಧದಷ್ಟು ಹಿಗ್ಗಿದರೂ 33 ಅಂಗುಲದ ನಕ್ಷೆ 4 ಮಿಲಿಮೀಟರು ಬೆಳೆಯುತ್ತದೆ. ಇಡೀ ನಕ್ಷೆ ಒಂದೇ ಸಮನಾಗಿ ಬೆಳೆದರೆ ತೊಂದರೆಯಿಲ್ಲ. ಬೇರೆಬೇರೆ ಕಟ್ಟಿನ ಹಾಳೆಗಳನ್ನು ಬೆರಸಿದಾಗ ಸಂಧಿಗಳು ಎಳೆದಾಡುತ್ತವೆ. ಆದಕಾರಣ ಎಲ್ಲ ಹಾಳೆಗಳೂ ಒಂದೇ ಕಟ್ಟಿನವಾಗಿರಲಿ. ಲೇಸರ್ ಯಂತ್ರದ ಬಿಸಿಯಿಂದ ಬಂದ ಹಾಳೆ ಒಣಗಿ ಕುಗ್ಗಿರುತ್ತದೆ, ಮಸಿ ಚಿಮುಕಿಸುವ ಯಂತ್ರದಿಂದ ಬಂದದ್ದು ನೆನೆದು ಹಿಗ್ಗಿರುತ್ತದೆ. ಎರಡನ್ನೂ ಕೆಲವು ಗಂಟೆ ಗಾಳಿಗೆ ಬಿಟ್ಟು ಅನಂತರ ಅಂಟಿಸಬೇಕು. ನೀರಿನ ಗೋಂದು ಬೇಡ. ಹಿಂಬದಿಗೆ ಅಂಟುಪಟ್ಟಿಯೇ ಲೇಸು.

ಇಷ್ಟೆಲ್ಲ ಯಾಕೆ, ಒಂದೇ ಹಾಳೆಯಲ್ಲಿ ಆಗದೆ ಎಂದು ಕೇಳಬಹುದು. ಕಟ್ಟಡದ ನಕ್ಷೆಗಳನ್ನು ಮುದ್ರಿಸಿಕೊಡುವ ಅಂಗಡಿಗಳಲ್ಲಿ 24 ಅಥವಾ 36 ಅಂಗುಲ ಅಗಲದ ಕಾಗದದ ಸುರುಳಿಗಳಿರುತ್ತವೆ. 24 ಅಂಗುಲವೇ ಹೆಚ್ಚು ಅನುಕೂಲ. ಅದಕ್ಕಿಂತ ಅಗಲವಾದರೆ ಮೇಜಿನ ನಡುವಣ ಕಾಯಿಗೆ ಕೈ ಎಟುಕುವುದು ಕಷ್ಟ. ಫ್ಲೆಕ್ಸ್ ಹಾಳೆಯ ಮೇಲೆ ಮುದ್ರಿಸಿದರೆ ನೀರಿಗೆ ಹೆದರಬೇಕಾಗಿಲ್ಲ. ಆದರೆ ಅದರ ಹೊಳಪು ದೀಪದ ಕೆಳಗೆ ಕಣ್ಣು ಕುಕ್ಕುತ್ತದೆ, ಎಸೆದ ಮೇಲೆ ಅದು ಮಣ್ಣಿನಲ್ಲಿ ಕೊಳೆಯುವುದೂ ಇಲ್ಲ. ಒಂದು ಸಂಜೆಯ ಆಟಕ್ಕೆ ಅದನ್ನು ಬಳಸುವುದು ನಮಗೆ ಸರಿಕಾಣದು. ಅಂಗಡಿಗೆ ಹೋದಾಗಲೂ ಅಳತೆಪಟ್ಟಿ ಜೇಬಿನಲ್ಲಿರಲಿ. ಹತ್ತು ಮನೆಗಳನ್ನು ಅಲ್ಲಿಯೇ ಅಳೆದು ಆಮೇಲೆ ಹಣ ಕೊಡಬೇಕು. ಮನೆಗೆ ತಂದ ನಕ್ಷೆಯನ್ನು ಸುತ್ತಿಡುವಾಗ ಮುದ್ರಿಸಿದ ಮೈ ಹೊರಮುಖವಾಗಿರಬೇಕು. ಆಗ ಮೇಜಿನ ಮೇಲೆ ಬಿಚ್ಚಿ ಹಾಸಿದೊಡನೆ ಅಂಚುಗಳು ಕೆಳಮುಖವಾಗಿ ಬಾಗುತ್ತವೆ. ಮೇಲಕ್ಕೆ ಸುರುಳಿಗೊಂಡು ಕಾಯಿಗಳನ್ನು ಉರುಳಿಸುವುದಿಲ್ಲ.