ಕಾಣದ ಚೆಂಡು

1920ರ ಆಗಸ್ಟ್ 16ರಂದು ನ್ಯೂಯಾರ್ಕಿನ ಬೇಸ್‌ಬಾಲ್ ಪಂದ್ಯವೊಂದರಲ್ಲಿ ಯಾಂಕೀಸ್ ತಂಡದ ಕಾರ್ಲ್ ಮೇಸ್ ಎಸೆದ ಚೆಂಡು ಕ್ಲೀವ್‌ಲೆಂಡ್ ತಂಡದ ರೇ ಚಾಪ್‌ಮನ್ನನ ತಲೆಗೆ ಬಡಿಯಿತು. ಮರುದಿನವೇ ಆತನು ಅಸುನೀಗಿದನು. ಚೆಂಡು ಬರುತ್ತಿದ್ದರೂ ಆತನು ಸರಿಯಲಿಲ್ಲವೆಂದು ಕಂಡವರು ಹೇಳಿದರು. ಏಕೆ?

ಎಸೆತಗಾರನಿಂದ ದಾಂಡಿಗನಿಗೆ ಸುಮಾರು 18 ಮೀಟರು ದೂರ. ಸೆಕೆಂಡಿಗೆ 36 ಮೀಟರು ವೇಗದ ಚೆಂಡು ಅದನ್ನು ಅರ್ಧ ಸೆಕೆಂಡಿನಲ್ಲಿ ದಾಟುತ್ತದೆ. ಕಂಡ ವಸ್ತುವಿಗೆ ನಮ್ಮ ಮೈ ಸ್ಪಂದಿಸಲು ಸುಮಾರು ಕಾಲು ಸೆಕೆಂಡು ಬೇಕು. ಉಳಿಯುವುದು ಇನ್ನೊಂದು ಕಾಲು ಸೆಕೆಂಡು ಮಾತ್ರ. ಆ ಕಾಲದಲ್ಲಿ ಒಂದೇ ಚೆಂಡನ್ನು ಬಹಳ ಹೊತ್ತು ಬಳಸುತ್ತಿದ್ದುದರಿಂದ ಮಣ್ಣು, ಹೊಗೆಸೊಪ್ಪಿನ ರಸ ತಗುಲಿ ಅದು ಕಪ್ಪಾಗುತ್ತಿತ್ತು. ಹಿನ್ನೆಲೆಯಲ್ಲಿ ಬೆರೆತುಹೋದ ವಸ್ತುವನ್ನು ನಮ್ಮ ಕಣ್ಣು ತಡವಾಗಿ ಗುರುತಿಸುತ್ತದೆ. ಆ ತಡವೇ ಪ್ರಾಣಾಂತಿಕವಾಗಬಲ್ಲದು.

ತರುವಾಯ ಕೊಳೆಯಾದ ಚೆಂಡನ್ನು ಆಗಾಗ ಬದಲಿಸುವ ಪದ್ಧತಿ ಬಲಗೊಂಡಿತು.